ಕೆಂಪಕ್ಷರದ ಎಚ್ಚರಿಕೆ ಕಿವಿಗೆ ಬೀಳಲಿಲ್ಲ: ಒಂದು ವಿಕಿ ಪುಟದ ಪ್ರಕರಣ

ಗುಲಗಂಜಿ. ಒಂದೆಲಗ. ಕಣಗಿಲೆ. ಬಸಳೆ. ಕಾಸರಕ. ಕಳಲೆ.

ನಮ್ಮ ವಿಕಿ ಎಂದರೆ ಹಲವರು ಕೂಡಿ ಬರೆದು ತಿದ್ದುವ ಜಾಲತಾಣ. ಅದರ ಗಿಡಗಳ ಪುಟವನ್ನು ಕಂಪ್ಯೂಟರು ಗಟ್ಟಿಯಾಗಿ ಓದಿದಾಗ ಈ ಆರು ಹೆಸರುಗಳು ಒಂದೇ ದನಿಯಲ್ಲಿ, ಒಂದೇ ಗತಿಯಲ್ಲಿ, ಒಂದರ ಬೆನ್ನಿಗೆ ಒಂದು ಬಂದವು. ಇವುಗಳಲ್ಲಿ ಮೂರು ಜೀವ ತೆಗೆಯಬಲ್ಲವು. ಎರಡು ಅಡುಗೆಮನೆಗೆ ನಿತ್ಯ ಬರುವಂಥವು. ಇನ್ನೊಂದನ್ನು ನೀರು ಬದಲಿಸುತ್ತ ನೆನೆಸಿ, ಬೇಯಿಸಿದರೆ ಮಾತ್ರ ತಿನ್ನಬಹುದು. ಪರದೆ ನೋಡುತ್ತಿದ್ದ ನಮಗೆ ಈ ವ್ಯತ್ಯಾಸ ಒಂದೇ ನೋಟಕ್ಕೆ ತಿಳಿಯುತ್ತಿತ್ತು: ವಿಷದ ಗಿಡಗಳ ಹೆಸರು ಕೆಂಪು, ತಿನ್ನುವ ಗಿಡಗಳದು ಹಸಿರು, ಹದ ಮಾಡಿ ತಿನ್ನಬೇಕಾದವುಗಳದು ಕಿತ್ತಳೆ. ಕೇಳುತ್ತಿದ್ದವರಿಗೆ ಸಿಕ್ಕಿದ್ದು ಆರು ಹೆಸರುಗಳು ಮಾತ್ರ.

ಆ ಪುಟವನ್ನು ತಿದ್ದಿದ ಬಗೆಯನ್ನು, ತಿದ್ದುವಾಗ ಮತ್ತೆ ಮಾಡಿದ ತಪ್ಪುಗಳನ್ನೂ ಬಿಡದೆ, ಇಲ್ಲಿ ಬರೆಯುತ್ತಿದ್ದೇನೆ. ಹಲವರು ಕೂಡಿ ಬರೆಯುವ ಪುಟದಲ್ಲಿ ಬಣ್ಣ ಹಚ್ಚುವುದು ಬಹಳ ಸುಲಭ. ಹಚ್ಚಿದ ಬಣ್ಣ ಯಾರಿಗೆ ತಲುಪಲಿಲ್ಲ ಎಂಬುದು ಹಚ್ಚಿದವರಿಗೆ ಗೊತ್ತಾಗುವುದೇ ಇಲ್ಲ.

ಬಣ್ಣಕ್ಕೆ ಕೈಹಾಕಿದ್ದು ಏಕೆ

ಮಲೆನಾಡಿನ ನಾವು ಏಳೆಂಟು ಮಂದಿ ಸೇರಿ ಒಂದು ಸಣ್ಣ ವಿಕಿಯನ್ನು ನಡೆಸುತ್ತೇವೆ. ಅದು ಮೀಡಿಯಾವಿಕಿ ತಂತ್ರಾಂಶದ ಮೇಲೆ ನಿಂತಿದೆ. 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯವೂ ಇದೇ ತಂತ್ರಾಂಶದಲ್ಲಿ ನಡೆಯುವುದರಿಂದ ಇಲ್ಲಿ ಹೇಳುವ ಹೆಚ್ಚಿನ ಸಂಗತಿಗಳು ಅಲ್ಲಿಗೂ ಹೊಂದುತ್ತವೆ. ಹಿತ್ತಲು, ಬೇಲಿ, ಕಾಡಂಚಿನಲ್ಲಿ ಸಿಗುವ ಗಿಡಗಳ ಪುಟ ನಮ್ಮ ವಿಕಿಯಲ್ಲಿ ಹೆಚ್ಚು ಜನ ಓದುವ ಪುಟ. ಒಂದು ಉದ್ದನೆಯ ಪಟ್ಟಿ, ಅದರಲ್ಲಿ ಮೂರು ಕಂಬಸಾಲು: ಹೆಸರು, ಎಲ್ಲಿ ಸಿಗುತ್ತದೆ, ಬಳಕೆ. ಪಟ್ಟಿಯ ಕೆಳಗೆ ಒಂದೊಂದು ಗಿಡಕ್ಕೂ ನಾಲ್ಕಾರು ಸಾಲಿನ ಟಿಪ್ಪಣಿ.

ಬಣ್ಣ ಹಚ್ಚಿದವರು ನಮ್ಮ ಗುಂಪಿನ ನಿವೃತ್ತ ವಿಜ್ಞಾನ ಮೇಷ್ಟರು. ಅವರ ಉದ್ದೇಶ ಒಳ್ಳೆಯದಿತ್ತು, ತರ್ಕವೂ ಸರಿಯಿತ್ತು. ಮಕ್ಕಳು ಇಡೀ ಪುಟ ಓದುವುದಿಲ್ಲ, ಕೆಂಪು ಕಂಡರೆ ನಿಲ್ಲುತ್ತಾರೆ ಎಂದು ಅವರು ಹೇಳಿದ್ದರು. ಮೂವತ್ತು ವರ್ಷ ಕರಿಹಲಗೆಯ ಮುಂದೆ ನಿಂತವರ ಮಾತು ಅದು, ಯಾರೂ ಎದುರಾಡಲಿಲ್ಲ.

ಇದಕ್ಕೆ ಇನ್ನೂ ಒಂದು ಕಾರಣವಿದೆ. ಅದು ಕನ್ನಡ ಲಿಪಿಗೆ ಸೇರಿದ್ದು, ಹಾಗಾಗಿ ಸ್ವಲ್ಪ ನಿಂತು ಹೇಳಬೇಕು. ಇಂಗ್ಲಿಷಿನಲ್ಲಿ ಒಂದು ಪದವನ್ನು ಎತ್ತಿ ತೋರಿಸಬೇಕಾದರೆ ದೊಡ್ಡಕ್ಷರಗಳಿವೆ, ಓರೆ ಅಕ್ಷರಗಳಿವೆ. ಕನ್ನಡದಲ್ಲಿ ದೊಡ್ಡಕ್ಷರ ಸಣ್ಣಕ್ಷರ ಎಂಬ ಭೇದವಿಲ್ಲ. ಓರೆ ಅಕ್ಷರದ ರೂಢಿಯೂ ನಮ್ಮ ಮುದ್ರಣದಲ್ಲಿ ಬೆಳೆದಿಲ್ಲ. ವಿಕಿಯಲ್ಲಿ ಓರೆ ಅಕ್ಷರಕ್ಕೆಂದು ಪದದ ಎರಡೂ ಬದಿಗೆ ಎರಡೆರಡು ಒಂಟಿ ಉದ್ಧರಣ ಚಿಹ್ನೆ ಹಾಕಿದರೆ ಬ್ರೌಸರು ಗುಂಡಗಿನ ಅಕ್ಷರಗಳನ್ನು ಸುಮ್ಮನೆ ಬಲಕ್ಕೆ ತಳ್ಳಿ ನಿಲ್ಲಿಸುತ್ತದೆ, ಅಷ್ಟೇ. ದಪ್ಪಕ್ಷರ ಇದೆ, ಆದರೆ ಸಣ್ಣ ಗಾತ್ರದಲ್ಲಿ ಅದಕ್ಕೂ ತೊಡಕು. ದ ಮತ್ತು ಧ, ಪ ಮತ್ತು ಫ ಬೇರೆಯಾಗುವುದು ಕೆಳಗಿನ ಒಂದು ಪುಟ್ಟ ಸೀಳಿನಿಂದ. ಥ ಗುರುತಾಗಲು ಒಳಗಿನ ಚುಕ್ಕೆ ಬೇಕು. ಅಕ್ಷರ ದಪ್ಪಗಾದಂತೆ ಈ ಸೀಳು, ಚುಕ್ಕೆಗಳು ಮುಚ್ಚಿಕೊಳ್ಳುತ್ತವೆ, ಒತ್ತಕ್ಷರಗಳು ಒಂದು ಕಪ್ಪು ಮುದ್ದೆಯಾಗುತ್ತವೆ. ಇಷ್ಟೆಲ್ಲ ದಾರಿ ಮುಚ್ಚಿದಾಗ ಕನ್ನಡದಲ್ಲಿ ಬರೆಯುವವರ ಕೈ ತಾನಾಗಿಯೇ ಬಣ್ಣದ ಕಡೆಗೆ ಹೋಗುತ್ತದೆ.

ಬಂದ ದೂರುಗಳು

ಮೊದಲ ದೂರು ಬಂದದ್ದು ನಮ್ಮವರಿಂದಲೇ. ಗುಂಪಿಗೆ ಹೊಸದಾಗಿ ಸೇರಿದ ಒಬ್ಬ ಶಿಕ್ಷಕಿಗೆ ಕಣ್ಣು ಕಾಣುವುದಿಲ್ಲ. ಅವರು ಎನ್‌ವಿಡಿಎ ಎಂಬ ಉಚಿತ ಪರದೆ ಓದುಗ ತಂತ್ರಾಂಶವನ್ನು ಬಳಸುತ್ತಾರೆ. ಆಸ್ಟ್ರೇಲಿಯಾದ ಅಂಧ ತಂತ್ರಜ್ಞರೊಬ್ಬರು 2006ರಲ್ಲಿ ಆರಂಭಿಸಿ, ಇನ್ನೊಬ್ಬ ಅಂಧ ತಂತ್ರಜ್ಞರೊಡನೆ ಬೆಳೆಸಿದ ಯೋಜನೆ ಅದು. ಇಂದು ಅದರಲ್ಲಿ ಕನ್ನಡವನ್ನೂ ಕೇಳಬಹುದು. ಅವರು ಪುಟವನ್ನು ತಲೆಯಿಂದ ಬುಡದವರೆಗೆ ಕೇಳಿ ಚರ್ಚೆ ಪುಟದಲ್ಲಿ ಒಂದೇ ಪ್ರಶ್ನೆ ಬರೆದರು: "ಮೇಷ್ಟ್ರೇ, ಮೇಲೆ 'ಕೆಂಪು ಬಣ್ಣದಲ್ಲಿರುವವು ವಿಷಕಾರಿ' ಎಂದು ಬರೆದಿದ್ದೀರಿ. ಕೆಂಪು ಬಣ್ಣದಲ್ಲಿರುವವು ಯಾವುವು?"

ನಾವು ಯಾರೂ ಆ ದಿನ ಉತ್ತರ ಬರೆಯಲಿಲ್ಲ. ಬರೆಯಲು ಉತ್ತರವಿರಲಿಲ್ಲ.

ಪರದೆ ಓದುವ ತಂತ್ರಾಂಶಕ್ಕೆ ಬಣ್ಣ ತಿಳಿಯುವುದಿಲ್ಲ ಎಂದಲ್ಲ. ಎನ್‌ವಿಡಿಎಯಲ್ಲಿ ಬಣ್ಣಗಳನ್ನು ಹೇಳಿಸುವ ಆಯ್ಕೆ ಇದೆ, ಆದರೆ ತಾನಾಗಿ ಅದು ಚಾಲನೆಯಲ್ಲಿರುವುದಿಲ್ಲ. ಶಿಕ್ಷಕಿ ಒಮ್ಮೆ ಅದನ್ನು ಹಾಕಿಕೊಂಡು ಕೇಳಿದರು. ಪ್ರತಿ ಹೆಸರಿಗೂ ಮುಂಚೆ ಬಣ್ಣದ ಹೆಸರು ಬರತೊಡಗಿತು, ಕೊಂಡಿಗಳ ನೀಲಿಯೂ ಸೇರಿತು, ಹತ್ತು ಸಾಲಿನಲ್ಲಿ ಕಿವಿ ದಣಿಯಿತು. ಕೆಂಪು ಎಂದು ಕೇಳಿದ ಮೇಲೂ ಕೆಂಪೆಂದರೆ ಏನು ಎಂಬುದನ್ನು ಪುಟದ ತಲೆಯಿಂದ ನೆನಪಿಟ್ಟುಕೊಂಡು ಬರಬೇಕು. ನೋಡುವವರ ಕಣ್ಣು ಬೇಕೆಂದಾಗ ಮೇಲೆ ಹೋಗಿ ಬರುತ್ತದೆ. ಕೇಳುವವರಿಗೆ ಆ ಅನುಕೂಲವಿಲ್ಲ.

ಎರಡನೆಯ ದೂರು ಹತ್ತಿರದ ಒಂದು ಶಾಲೆಯಿಂದ ಬಂತು. ಅಲ್ಲಿನವರು ಪಟ್ಟಿಯನ್ನು ಮುದ್ರಿಸಿ, ಜೆರಾಕ್ಸ್ ಮಾಡಿಸಿ ತರಗತಿಯ ಗೋಡೆಗೆ ಅಂಟಿಸಿದ್ದರು. ನಾನು ಹೋಗಿ ನೋಡಿದೆ. ಎಲ್ಲ ಹೆಸರುಗಳೂ ಬೂದು. ಮೇಲೆ ಮಾತ್ರ ಕಪ್ಪಕ್ಷರದಲ್ಲಿ "ಕೆಂಪು ಬಣ್ಣದಲ್ಲಿರುವವು ವಿಷಕಾರಿ" ಎಂಬ ಸಾಲು ನೆಟ್ಟಗೆ ಕುಳಿತಿತ್ತು. ಮನೆಗೆ ಬಂದು ಲೆಕ್ಕ ಹಾಕಿದೆ. ಎರಡು ಬಣ್ಣಗಳ ಬೆಳಕಿನ ಅಂತರವನ್ನು ಅಳೆಯಲು ಒಂದು ಸೂತ್ರವಿದೆ: ಎರಡರ ಬೆಳಕಿನ ಅಳತೆಗೂ ತಲಾ 0.05 ಕೂಡಿಸಿ, ಹೆಚ್ಚು ಬೆಳಕಿನದನ್ನು ಕಡಿಮೆ ಬೆಳಕಿನದರಿಂದ ಭಾಗಿಸಬೇಕು. ಒಂದೇ ಬಣ್ಣಕ್ಕೆ ಅನುಪಾತ 1, ಬಿಳಿ ಮತ್ತು ಕಪ್ಪಿಗೆ 21. ನಾವು ಬಳಸಿದ ಉರಿಗೆಂಪು ಮತ್ತು ಸಾದಾ ಹಸಿರಿನ ನಡುವಿನ ಅನುಪಾತ 1.28. ಅಂದರೆ ಬಣ್ಣ ತೆಗೆದರೆ ವಿಷ ಮತ್ತು ಊಟದ ನಡುವೆ ಉಳಿಯುವ ವ್ಯತ್ಯಾಸ ಗುಲಗಂಜಿ ತೂಕದಷ್ಟು. ಕಿತ್ತಳೆ ಇವೆರಡಕ್ಕಿಂತ ತಿಳಿಯಾದ ಬಣ್ಣವಾದ್ದರಿಂದ ಕಳಲೆ, ಕೆಸು, ಮರಗೆಣಸು ಇನ್ನೂ ಮಸುಕಾಗಿ, ಎಲ್ಲಕ್ಕಿಂತ ಕಡಿಮೆ ಮಹತ್ವದವುಗಳಂತೆ ಕಾಣುತ್ತಿದ್ದವು.

ಈ ಮಾತುಕತೆ ನಡೆಯುವಾಗ ನಮ್ಮ ಗುಂಪಿನ ಕಿರಿಯ ಸಂಪಾದಕನೊಬ್ಬ ಅದುವರೆಗೆ ಹೇಳದ ಸಂಗತಿಯೊಂದನ್ನು ಬರೆದ. ಅವನಿಗೆ ಕೆಂಪು ಹಸಿರು ಬೇರೆಯಾಗಿ ಕಾಣುವುದಿಲ್ಲ. ಕಾಫಿ ಕೊಯ್ಲಿನಲ್ಲಿ ಹಣ್ಣನ್ನೂ ಕಾಯನ್ನೂ ಅವನು ಬೆರಳಿನಿಂದ ಒತ್ತಿ ತಿಳಿಯುತ್ತಾನೆ. ಎರಡು ವರ್ಷದಿಂದ ಆ ಪಟ್ಟಿಯನ್ನು ತಿದ್ದುತ್ತಿದ್ದರೂ ಅದಕ್ಕೆ ಮೂರು ಬಣ್ಣಗಳಿವೆ ಎಂದು ಅವನಿಗೆ ಗೊತ್ತಿರಲಿಲ್ಲ; ಹೊಸ ಗಿಡಗಳನ್ನು ಸೇರಿಸುವಾಗ ಮೇಲಿನ ಸಾಲನ್ನು ನಕಲು ಮಾಡಿ ಹೆಸರು ಬದಲಿಸುತ್ತಿದ್ದ. ತಕ್ಷಣ ಪುಟದ ಇತಿಹಾಸ ತೆಗೆದು ನೋಡಿದೆವು. ಅವನು ಸೇರಿಸಿದ ಹರಳು ಗಿಡ ಹಸಿರು ಬಣ್ಣದಲ್ಲಿತ್ತು. ಹರಳು ಬೀಜದಲ್ಲಿ ರಿಸಿನ್ ಎಂಬ ಕಡುವಿಷವಿದೆ. ಹಲವರು ಕೂಡಿ ಬರೆಯುವ ಪುಟದಲ್ಲಿ ಬಣ್ಣವನ್ನೇ ಅರ್ಥವಾಗಿಸಿದರೆ ಓದುಗರಷ್ಟೇ ಅಲ್ಲ, ಬರೆಯುವವರೂ ಎಡವುತ್ತಾರೆ ಎಂಬುದು ನನಗೆ ಅಂದು ತಿಳಿಯಿತು. ಈ ಪ್ರಕರಣದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಇದೇ.

ಮೂರನೆಯದು ದೂರಲ್ಲ, ನಾವೇ ಕಂಡುಕೊಂಡದ್ದು. ಪಟ್ಟಿಯನ್ನು ನಕಲು ಮಾಡಿ ವಾಟ್ಸ್ಆ್ಯಪ್ ಗುಂಪಿಗೆ ಹಾಕಿದರೆ ಬಣ್ಣವೆಲ್ಲ ಉದುರಿ ಹೋಗುತ್ತದೆ. ನಮ್ಮ ಪುಟ ಹೆಚ್ಚು ಓಡಾಡುತ್ತಿದ್ದುದು ಹಾಗೆಯೇ.

ತಿದ್ದಲು ಹೊರಟು ಮತ್ತೆ ಎಡವಿದ್ದು

ಜಾಲತಾಣಗಳು ಎಲ್ಲರಿಗೂ ದಕ್ಕುವಂತಿರಬೇಕು ಎಂದು ರೂಪಿಸಿದ ಅಂತರರಾಷ್ಟ್ರೀಯ ಮಾರ್ಗಸೂಚಿಯನ್ನು ಡಬ್ಲ್ಯುಸಿಎಜಿ ಎನ್ನುತ್ತಾರೆ. ಅದರ 2.0 ಆವೃತ್ತಿ 2008ರಲ್ಲಿ, 2.1 ಆವೃತ್ತಿ 2018ರಲ್ಲಿ, 2.2 ಆವೃತ್ತಿ 2023ರಲ್ಲಿ ಬಂತು. ಬಣ್ಣದ ಅಕ್ಷರಗಳಿಗೆ ತಾಕುವ ಎರಡು ನಿಯಮಗಳು 2.0 ಆವೃತ್ತಿಯಿಂದಲೂ ಹಾಗೆಯೇ ಇವೆ. 1.4.1 ಎಂಬ ನಿಯಮ ಯಾವ ಮಾಹಿತಿಯನ್ನೂ ಬಣ್ಣವೊಂದರಿಂದಲೇ ತಿಳಿಸಬಾರದು ಎನ್ನುತ್ತದೆ. ಅದು ಅತಿ ಕೆಳಗಿನ, ಅಂದರೆ ಎಲ್ಲರೂ ಪಾಲಿಸಲೇಬೇಕಾದ ಹಂತದ್ದು. 1.4.3 ಎಂಬುದು ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5ರ ಅನುಪಾತವಿರಬೇಕು, ದೊಡ್ಡ ಗಾತ್ರದ ಅಕ್ಷರಗಳಿಗೆ 3 ಸಾಕು ಎನ್ನುತ್ತದೆ.

ನಾವು ಮೊದಲು ಹಿಡಿದದ್ದು ಎರಡನೆಯದನ್ನು. ಅಂಕಿಗಳಿದ್ದವು, ಅಳೆಯಲು ಸುಲಭವಾಗಿತ್ತು. ಬಿಳಿಯ ಮೇಲೆ ಉರಿಗೆಂಪಿನ ಅನುಪಾತ 4, ಕಿತ್ತಳೆಯದು ಸುಮಾರು 2. ಎರಡೂ ಸೋತವು. ಹಸಿರು 5.1 ಪಡೆದು ಗೆದ್ದಿತು. ಕೆಂಪನ್ನು ತೆಗೆದು ಕಡುಗೆಂಪು ಹಾಕಿದೆವು, ಅನುಪಾತ 10ಕ್ಕೆ ಏರಿತು. ಕಿತ್ತಳೆಗೆ ಬದಲು ಕಂದು. ಕನ್ನಡಕ್ಕೆ 4.5 ಸಾಲದು, 7 ಇರಲಿ ಎಂದು ನಾನೇ ಹಟ ಹಿಡಿದೆ. ಒತ್ತಕ್ಷರಗಳು ಮೂಲ ಅಕ್ಷರಕ್ಕಿಂತ ಚಿಕ್ಕವು, ಗೆರೆ ತೆಳು, ಬಣ್ಣ ಮಾಸಿದರೆ ಮೊದಲು ಮರೆಯಾಗುವುದು ಅವೇ. ಆ ಹಟ ಈಗಲೂ ಸರಿಯೆಂದೇ ನನಗೆ ಅನಿಸುತ್ತದೆ.

ಆದರೆ ಶಿಕ್ಷಕಿ ಮತ್ತೆ ಕೇಳಿದರು, ಮತ್ತೆ ಅದೇ ಆರು ಹೆಸರುಗಳು ಬಂದವು. ಕಡುಗೆಂಪು ಉರಿಗೆಂಪಿನಷ್ಟೇ ಮೌನ.

ಹೆಸರುಗಳನ್ನು ದಪ್ಪಗೆ ಮಾಡಿದೆವು. ಮೂರು ಉದ್ಧರಣ ಚಿಹ್ನೆ ಹಾಕಿದರೆ ಪರದೆ ಓದುಗ ಅದನ್ನು ಒತ್ತಿ ಹೇಳುತ್ತದೆ ಎಂದು ನಾನು ನಂಬಿದ್ದೆ. ಹಾಗೇನೂ ಇಲ್ಲ. ಅಕ್ಷರದ ದಪ್ಪವನ್ನೂ ಒತ್ತನ್ನೂ ಹೇಳುವ ಆಯ್ಕೆಗಳು ಎನ್‌ವಿಡಿಎಯಲ್ಲಿ ಬಣ್ಣದಂತೆಯೇ ತಾವಾಗಿ ಚಾಲನೆಯಲ್ಲಿರುವುದಿಲ್ಲ. ಒಬ್ಬರು ತಲೆಬುರುಡೆಯ ಚಿಹ್ನೆ ಹಾಕಿದರು. ಶಿಕ್ಷಕಿಯ ಕಂಪ್ಯೂಟರು ಅದನ್ನು ಚಿತ್ರದ ಹೆಸರಿನಿಂದ ಓದಿತು; ಬುರುಡೆ ಎಂದು ಹೇಳಿತೇ ಹೊರತು ವಿಷ ಎಂದು ಹೇಳಲಿಲ್ಲ. ವಿಷ ಎಂದು ಹೇಳಿಸಬೇಕಾದರೆ ವಿಷ ಎಂದೇ ಬರೆಯಬೇಕು. ಇಷ್ಟು ಸರಳವಾದ ಮಾತಿಗೆ ನಾವು ಮೂರು ವಾರ ತೆಗೆದುಕೊಂಡೆವು.

ಹಾಗಾಗಿ ಪಟ್ಟಿಗೆ ನಾಲ್ಕನೆಯ ಕಂಬಸಾಲು ಬಂತು. ಅದರಲ್ಲಿ ಮೂರೇ ಬಗೆಯ ಮಾತು: "ವಿಷ", "ತಿನ್ನಬಹುದು", "ಹದ ಮಾಡಿ ಮಾತ್ರ". ಗಿಡದ ಹೆಸರಿರುವ ಚೌಕವನ್ನು ಸಾಲಿನ ತಲೆಬರಹವೆಂದು ವಿಕಿ ಸಂಕೇತದಲ್ಲಿ ಗುರುತಿಸಿದೆವು. ಇದರಿಂದ ಕೇಳುವವರು ನಾಲ್ಕನೆಯ ಕಂಬಸಾಲಿನಲ್ಲಿ ಮೇಲಿಂದ ಕೆಳಗೆ ಇಳಿಯುತ್ತ ಹೋದರೆ ಪ್ರತಿ ಸಾಲಿನಲ್ಲಿ ಗಿಡದ ಹೆಸರೂ ಅದರ ಗುಣವೂ ಒಟ್ಟಿಗೆ ಕೇಳಿಸುತ್ತವೆ. ಗೋಡೆಯ ಜೆರಾಕ್ಸಿನಲ್ಲೂ ಮಾತು ಉಳಿಯುತ್ತದೆ, ವಾಟ್ಸ್ಆ್ಯಪಿನಲ್ಲೂ ಉಳಿಯುತ್ತದೆ. ಕಿರಿಯ ಸಂಪಾದಕ ಸಾಲನ್ನು ನಕಲು ಮಾಡಿದರೆ "ತಿನ್ನಬಹುದು" ಎಂಬ ಮಾತು ಅವನ ಕಣ್ಣಿಗೇ ಬೀಳುತ್ತದೆ. ನಾವು ನಿರೀಕ್ಷಿಸದ ಲಾಭವೂ ಒಂದಿತ್ತು: ಕಂಬಸಾಲಿನ ತಲೆಯನ್ನು ಒತ್ತಿದರೆ ವಿಷದ ಗಿಡಗಳೆಲ್ಲ ಒಂದೆಡೆ ಸೇರುತ್ತವೆ. ಬಣ್ಣವನ್ನು ಹಾಗೆ ವಿಂಗಡಿಸಲು ಬರುವುದಿಲ್ಲ, ಹುಡುಕಲೂ ಬರುವುದಿಲ್ಲ.

ಈ ಹಂತದಲ್ಲಿ ಒಬ್ಬರು, ಇನ್ನು ಬಣ್ಣವನ್ನೇ ತೆಗೆದುಬಿಡೋಣ ಎಂದರು. ಮೇಷ್ಟರಿಗೆ ನೋವಾಯಿತು. ನಾನು ಮೇಷ್ಟರ ಪಕ್ಷ ನಿಂತೆ. ಬೇಗ ಓದಲು ಬಾರದ ಮಗುವಿಗೆ, ಮೊಬೈಲನ್ನು ತೋಟದಲ್ಲಿ ಹಿಡಿದು ಗಡಿಬಿಡಿಯಲ್ಲಿ ನೋಡುವವರಿಗೆ ಬಣ್ಣ ನಿಜವಾಗಿ ಸಹಾಯ ಮಾಡುತ್ತದೆ. ನಿಯಮವೂ ಬಣ್ಣ ಬೇಡ ಎನ್ನುವುದಿಲ್ಲ, ಬಣ್ಣವೊಂದೇ ಸಾಲದು ಎನ್ನುತ್ತದೆ. ನಮ್ಮ ಮನೆಗಳ ಗೋಡೆಯ ಕ್ಯಾಲೆಂಡರನ್ನು ನೋಡಿ. ಭಾನುವಾರ ಕೆಂಪು, ಆದರೆ ಅದು ತನ್ನದೇ ಸಾಲಿನಲ್ಲಿ ಕೂತಿರುತ್ತದೆ. ಹಬ್ಬದ ದಿನವೂ ಕೆಂಪು, ಆದರೆ ಅಂಕಿಯ ಕೆಳಗೆ ಹಬ್ಬದ ಹೆಸರಿರುತ್ತದೆ. ಕೆಂಪು ಕಾಣದವರಿಗೂ ರಜೆ ತಪ್ಪುವುದಿಲ್ಲ. ಆಹಾರದ ಪೊಟ್ಟಣಗಳ ಮೇಲೆ ಸಸ್ಯಾಹಾರಕ್ಕೆ ಹಸಿರು ಚುಕ್ಕೆ, ಮಾಂಸಾಹಾರಕ್ಕೆ ಕಂದು ಚುಕ್ಕೆ ಇತ್ತಲ್ಲ, 2020ರ ಲೇಬಲ್ ನಿಯಮಗಳಲ್ಲಿ ಆ ಕಂದು ಚುಕ್ಕೆಯನ್ನು ತ್ರಿಕೋನ ಮಾಡಿದರು. ಬಣ್ಣ ಅಲ್ಲೇ ಇದೆ, ಆಕಾರ ಅದರ ಜೊತೆಗೆ ಬಂತು. ಮೀಡಿಯಾವಿಕಿ ತಂತ್ರಾಂಶವೇ ಹೀಗೆ ನಡೆದುಕೊಳ್ಳುತ್ತದೆ: ಇತ್ತೀಚಿನ ಬದಲಾವಣೆಗಳ ಪಟ್ಟಿಯಲ್ಲಿ ಸೇರಿಸಿದ್ದು ಹಸಿರು, ತೆಗೆದದ್ದು ಕೆಂಪು, ಜೊತೆಗೆ ಕೂಡುವ ಕಳೆಯುವ ಚಿಹ್ನೆಗಳು.

ಬಣ್ಣ ಉಳಿಯಿತು, ಜಾಗ ಬದಲಾಯಿತು. ವಿಕಿಯಲ್ಲಿ ಕೆಂಪು ಅಕ್ಷರವೆಂದರೆ ಇನ್ನೂ ಬರೆಯದ ಪುಟದ ಕೊಂಡಿ, ನೀಲಿಯೆಂದರೆ ಇರುವ ಪುಟದ ಕೊಂಡಿ. ನಮ್ಮ ಕೆಂಪು ಹೆಸರುಗಳನ್ನು ಎಷ್ಟೋ ಜನ ಕೆಂಪು ಕೊಂಡಿಯೆಂದು ಒತ್ತಿ ನೋಡಿ ಬೇಸತ್ತಿದ್ದರು. ಅಕ್ಷರವನ್ನು ಕಪ್ಪಾಗಿಯೇ ಬಿಟ್ಟು, ನಾಲ್ಕನೆಯ ಕಂಬಸಾಲಿನ ಚೌಕಗಳಿಗೆ ತೆಳು ಹಿನ್ನೆಲೆ ಬಣ್ಣ ಕೊಟ್ಟೆವು: ತೆಳುಗುಲಾಬಿ, ತೆಳುಹಸಿರು, ತೆಳುಹಳದಿ.

ರಾತ್ರಿಯ ಪರದೆ

ಕೆಲಸ ಮುಗಿಯಿತು ಎಂದುಕೊಂಡ ರಾತ್ರಿಯೇ ನನ್ನ ಮೊಬೈಲಿನಲ್ಲಿ ಆ ಪುಟ ತೆರೆದೆ. ಡಾರ್ಕ್ ಮೋಡ್ ಹಾಕಿಕೊಂಡಿದ್ದೆ. "ವಿಷ" ಎಂಬ ಮಾತು ಮಾಯವಾಗಿತ್ತು.

ಕಾರಣ ಇಷ್ಟೇ. ಡಾರ್ಕ್ ಮೋಡಿನಲ್ಲಿ ಪುಟದ ಹಿನ್ನೆಲೆ ಕಪ್ಪಾಗುತ್ತದೆ, ಅಕ್ಷರ ಬಿಳಿಯಾಗುತ್ತದೆ. ನಾವು ಹಿನ್ನೆಲೆಯನ್ನು ತೆಳುಗುಲಾಬಿ ಎಂದು ಗಟ್ಟಿ ಮಾಡಿದ್ದೆವು, ಅಕ್ಷರದ ಬಣ್ಣವನ್ನು ಹೇಳಿರಲಿಲ್ಲ. ಅಕ್ಷರ ಪುಟದ ಮಾತು ಕೇಳಿ ಬಿಳಿಯಾಯಿತು, ಹಿನ್ನೆಲೆ ನಮ್ಮ ಮಾತು ಕೇಳಿ ಗುಲಾಬಿಯಾಗಿಯೇ ಉಳಿಯಿತು. ಬೇರೆ ಪುಟಗಳಲ್ಲಿ ಉಳಿದಿದ್ದ ಕಡುಗೆಂಪು ಅಕ್ಷರಗಳ ಪಾಡೂ ಕೆಟ್ಟಿತ್ತು: ಬಿಳಿಯ ಮೇಲೆ 10 ಇದ್ದ ಅನುಪಾತ ಅಪ್ಪಟ ಕಪ್ಪಿನ ಮೇಲೆ 2.1. ನಾವು ಬೈದು ಹೊರಹಾಕಿದ್ದ ಉರಿಗೆಂಪಿಗೆ ಕಪ್ಪಿನ ಮೇಲೆ 5.25 ಸಿಗುತ್ತದೆ. ಒಂದು ಹಿನ್ನೆಲೆಗೆ ಒಗ್ಗಿದ ಬಣ್ಣ ಇನ್ನೊಂದಕ್ಕೆ ಒಗ್ಗಬೇಕಾಗಿಲ್ಲ. ವಿಕಿಪೀಡಿಯದಲ್ಲಿ ಡಾರ್ಕ್ ಮೋಡ್ 2024ರಲ್ಲಿ ಬಂದ ಮೇಲೆ ಅಲ್ಲಿಯ ಸ್ವಯಂಸೇವಕರಿಗೂ ಹಳೆಯ ಪುಟಗಳ ಬಣ್ಣಗಳನ್ನು ಹುಡುಕಿ ತಿದ್ದುವ ದೊಡ್ಡ ಕೆಲಸ ಬಿತ್ತು.

ಆಮೇಲೆ ನಮ್ಮಲ್ಲಿ ಎರಡು ಕಟ್ಟಳೆ ಮಾಡಿಕೊಂಡೆವು. ಹಿನ್ನೆಲೆಗೆ ಬಣ್ಣ ಕೊಟ್ಟರೆ ಅದೇ ಜಾಗದಲ್ಲಿ ಅಕ್ಷರದ ಬಣ್ಣವನ್ನೂ ಹೇಳಬೇಕು. ಬಣ್ಣಗಳನ್ನು ಒಂದೊಂದು ಸಾಲಿನಲ್ಲೂ ಬರೆಯದೆ ಒಂದು ಟೆಂಪ್ಲೇಟಿನಲ್ಲಿ, ಅಂದರೆ ಒಮ್ಮೆ ಬರೆದಿಟ್ಟು ಬೇಕಾದಲ್ಲೆಲ್ಲ ಕರೆದುಕೊಳ್ಳುವ ಸಿದ್ಧ ತುಣುಕಿನಲ್ಲಿ ಇಡಬೇಕು. ಈಗ ಸಂಪಾದಕರು ಗಿಡದ ಮುಂದೆ ವಿಷ ಎಂಬ ಟೆಂಪ್ಲೇಟು ಹಾಕುತ್ತಾರೆ. ಅದು ಮಾತನ್ನೂ ಬಣ್ಣವನ್ನೂ ಒಟ್ಟಿಗೆ ತರುತ್ತದೆ. ಬಣ್ಣ ಮಾತ್ರ ಹಾಕಿ ಮಾತು ಮರೆಯುವುದು ಇನ್ನು ಸಾಧ್ಯವಿಲ್ಲ. ನಾಳೆ ಬಣ್ಣ ಬದಲಿಸಬೇಕಾದರೂ ತಿದ್ದಬೇಕಾದ ಜಾಗ ಒಂದೇ. ಹಳೆಯ ಪುಟಗಳಲ್ಲಿ ಅಲ್ಲಲ್ಲಿ ಫಾಂಟ್ ಟ್ಯಾಗ್ ಎಂಬ, ಅಕ್ಷರಕ್ಕೆ ಬಣ್ಣ ಕೊಡುವ ಹಳೆಯ ಸಂಕೇತ ಇತ್ತು. ಅದನ್ನು ಜಾಲಪುಟಗಳ ಸಂಕೇತ ಭಾಷೆಯಾದ ಎಚ್‌ಟಿಎಂಎಲ್ ಬಹಳ ಹಿಂದೆಯೇ ಕೈಬಿಟ್ಟಿದೆ, ನಾವೂ ಕಿತ್ತು ಹಾಕಿದೆವು.

ಏಕಾರದ ಬಲ

ಪಟ್ಟಿ ಸರಿಯಾಯಿತು. ಅದರ ಕೆಳಗಿನ ಟಿಪ್ಪಣಿಗಳೇ ನಿಜವಾಗಿ ಕಷ್ಟದ ಕೆಲಸವಾಗಿದ್ದವು. ಅಲ್ಲಿ ಕಂಬಸಾಲು ಸೇರಿಸಲು ಬರುವುದಿಲ್ಲ. ಅಲ್ಲಿ ಮೇಷ್ಟರು ವಾಕ್ಯಗಳಿಗೇ ಬಣ್ಣ ಹಚ್ಚಿದ್ದರು. ಕಳಲೆಯ ಟಿಪ್ಪಣಿ ಹೀಗಿತ್ತು: "ಕಳಲೆ ಎಂದರೆ ಎಳೆ ಬಿದಿರಿನ ಮೊಳಕೆ. ಮಳೆಗಾಲದಲ್ಲಿ ಸಿಗುತ್ತದೆ. ಪಲ್ಯ, ಸಾಂಬಾರು, ಉಪ್ಪಿನಕಾಯಿ ಮಾಡುತ್ತಾರೆ. ತೆಳುವಾಗಿ ಹೆಚ್ಚಿ ಎರಡು ಮೂರು ದಿನ ನೀರಿನಲ್ಲಿ ನೆನೆಸುತ್ತಾರೆ, ನೀರನ್ನು ದಿನವೂ ಬದಲಿಸುತ್ತಾರೆ." ಕೊನೆಯ ವಾಕ್ಯ ಕಿತ್ತಳೆ.

ಬಣ್ಣ ತೆಗೆದು ಓದಿದರೆ ಆ ವಾಕ್ಯ ಅಡುಗೆಯ ಒಂದು ಪದ್ಧತಿಯಂತೆ ಕೇಳಿಸುತ್ತದೆ. ಹಸಿ ಕಳಲೆಯಲ್ಲಿ ಸಯನೈಡ್ ಬಿಡುಗಡೆ ಮಾಡುವ ಅಂಶವಿದೆ, ನೆನೆಸುವುದೂ ಬೇಯಿಸುವುದೂ ಅದನ್ನು ಕಳೆಯಲೆಂದೇ ಎಂಬ ಗಾಂಭೀರ್ಯ ಅದರಲ್ಲಿಲ್ಲ. ಗಾಂಭೀರ್ಯವೆಲ್ಲ ಕಿತ್ತಳೆ ಬಣ್ಣದಲ್ಲಿತ್ತು. ಬಣ್ಣ ಇನ್ನೊಂದು ಕೆಲಸವನ್ನೂ ಮಾಡುತ್ತಿತ್ತು, ಅದು ನನಗೆ ಹೊಳೆದದ್ದು ತಡವಾಗಿ. ನೋಡುವವರ ಕಣ್ಣು ಪುಟ ತೆರೆದ ಕೂಡಲೇ ಬಣ್ಣದ ವಾಕ್ಯಕ್ಕೆ ಹಾರುತ್ತದೆ. ಕೊನೆಯಲ್ಲಿ ಬರೆದದ್ದನ್ನು ಅವರು ಮೊದಲು ಓದುತ್ತಾರೆ. ಬಣ್ಣ ಓದುವ ಕ್ರಮವನ್ನೇ ಬದಲಿಸುತ್ತದೆ. ಕಿವಿಗೆ ಬರೆದ ಕ್ರಮವೊಂದೇ ಕ್ರಮ. ಪಲ್ಯ, ಸಾಂಬಾರು, ಉಪ್ಪಿನಕಾಯಿಗಳನ್ನೆಲ್ಲ ದಾಟಿಕೊಂಡು ಎಚ್ಚರಿಕೆ ಬರುವ ಹೊತ್ತಿಗೆ ಕೇಳುವವರು ಮುಂದಿನ ಗಿಡಕ್ಕೆ ಹೋಗಿರಬಹುದು.

ಹಾಗಾಗಿ ಎಚ್ಚರಿಕೆಯನ್ನು ಮೇಲಕ್ಕೆ ತಂದೆವು, ಒತ್ತನ್ನು ವಾಕ್ಯದೊಳಗೆ ತುಂಬಿದೆವು: "ಕಳಲೆಯನ್ನು ಹಸಿಯಾಗಿ ತಿನ್ನಲೇಬಾರದು. ತೆಳುವಾಗಿ ಹೆಚ್ಚಿ, ದಿನವೂ ನೀರು ಬದಲಿಸುತ್ತ ಎರಡು ಮೂರು ದಿನ ನೆನೆಸಿದ ಮೇಲೆಯೇ ಬೇಯಿಸಬೇಕು." ಬಿದಿರು, ಮಳೆಗಾಲ, ಪಲ್ಯ ಎಲ್ಲ ಆಮೇಲೆ.

ಈ ತಿದ್ದುಪಡಿಯನ್ನು ಮಾಡಿದವರು ಶಿಕ್ಷಕಿ. ಅವರು ಕನ್ನಡ ಪಾಠ ಮಾಡುವವರು. "ಅವಧಾರಣೆಗೆ ನಮ್ಮಲ್ಲಿ ಏಕಾರವೇ ಇದೆಯಲ್ಲ, ಬಣ್ಣ ಯಾಕೆ ಬೇಕಾಯಿತು?" ಎಂದು ಅವರು ಚರ್ಚೆ ಪುಟದಲ್ಲಿ ಬರೆದರು. ನಾನು ಆ ಸಾಲನ್ನು ಎಷ್ಟೋ ಸಲ ಓದಿದೆ. ಪದದ ತುದಿಗೆ ಏ ಸೇರಿಸಿ ಒತ್ತಿ ಹೇಳುವ ಬಗೆ ಅದು, ಶಾಲೆಯ ವ್ಯಾಕರಣದಲ್ಲಿ ಅವಧಾರಣಾರ್ಥಕ ಅವ್ಯಯ ಎಂದು ಕಲಿತು ಮರೆತದ್ದು. ದೊಡ್ಡಕ್ಷರವಿಲ್ಲ, ಓರೆ ಅಕ್ಷರವಿಲ್ಲ ಎಂದು ನಾನು ಕೊರಗುತ್ತಿದ್ದೆ. ಆ ಕೊರತೆ ಲಿಪಿಯದು ಮಾತ್ರ, ಭಾಷೆಗೆ ಅದು ಇಲ್ಲ. ನಾನೇ, ಇದೇ, ಮೇಲೆಯೇ, ಕೂಡದೇ ಕೂಡದು. ಒಂದೇ ಒಂದು ಬೀಜ. ಮೊತ್ತಮೊದಲು, ಕಟ್ಟಕಡೆಗೆ, ನಟ್ಟನಡುವೆ. ಒತ್ತು ಪದದ ಮೈಯಲ್ಲಿಯೇ ಇದೆ. ಯಂತ್ರದ ದನಿ ಎಷ್ಟು ಚಪ್ಪಟೆಯಾಗಿ ಓದಿದರೂ ಅದು ಉದುರುವುದಿಲ್ಲ, ಜೆರಾಕ್ಸ್ ಅದನ್ನು ಅಳಿಸುವುದಿಲ್ಲ, ಮೊಬೈಲಿನಿಂದ ಮೊಬೈಲಿಗೆ ಹೋದರೂ ಅದು ಜೊತೆಗೆ ಹೋಗುತ್ತದೆ. ಬಣ್ಣವನ್ನು ಎಲ್ಲರಿಗೂ ದಕ್ಕುವಂತೆ ಬಳಸುವುದು ಹೇಗೆ ಎಂದು ಯಾರಾದರೂ ಕೇಳಿದರೆ ಈಗ ನಾನು ಮೊದಲು ವಾಕ್ಯವನ್ನು ತೋರಿಸಿ ಎನ್ನುತ್ತೇನೆ. ಬಣ್ಣವಿಲ್ಲದೆ ಅದು ತಾನೇ ಎಚ್ಚರಿಸಬಲ್ಲುದಾದರೆ ಅದಕ್ಕೆ ಯಾವ ಬಣ್ಣ ಹಚ್ಚಿದರೂ ಯಾರಿಗೂ ನಷ್ಟವಿಲ್ಲ.

ಮೇಷ್ಟರು ಇದನ್ನು ಬಹಳ ಇಷ್ಟಪಟ್ಟರು, ಒಂದು ವಾರ ಎಲ್ಲ ವಾಕ್ಯಗಳಿಗೂ ಏಕಾರ ಹಾಕಿದರು. ಎಲ್ಲವೂ ಒತ್ತಾದಾಗ ಯಾವುದೂ ಒತ್ತಾಗಿ ಕೇಳಿಸಲಿಲ್ಲ. ಶಿಕ್ಷಕಿ ಒಂದು ಟಿಪ್ಪಣಿಗೆ ಒಂದೆರಡು ಸಾಕು ಎಂದರು, ಮೇಷ್ಟರು ಒಪ್ಪಿದರು. ಗುಲಗಂಜಿಯ ಟಿಪ್ಪಣಿಯನ್ನು ಇಬ್ಬರೂ ಸೇರಿ ಬರೆದರು. ಮೊದಲು ಅದು ಚಿನ್ನ ತೂಗುವ ಹಳೆಯ ಪದ್ಧತಿಯಿಂದ ಆರಂಭವಾಗುತ್ತಿತ್ತು. ಈಗ ಹೀಗಿದೆ: "ಗುಲಗಂಜಿ ಬೀಜವನ್ನು ಮಕ್ಕಳ ಕೈಗೆ ಕೊಡಲೇಬೇಡಿ. ಅಗಿದರೆ ಅಥವಾ ಪುಡಿಯಾದರೆ ಅದರ ವಿಷ ಜೀವ ತೆಗೆಯಬಲ್ಲುದು." ಕೆಂಪು ಮೈ, ಕಪ್ಪು ಚುಕ್ಕೆಯ ಆ ಬೀಜದ ಅಂದಕ್ಕೇ ಮಕ್ಕಳು ಅದನ್ನು ಆಯ್ದು ಜೇಬಿಗೆ ಹಾಕಿಕೊಳ್ಳುವುದು. ಕೆಂಪು ಕಂಡರೆ ಮಕ್ಕಳು ನಿಲ್ಲುತ್ತಾರೆ ಎಂಬ ಮಾತನ್ನು ಮೇಷ್ಟರು ಈ ಟಿಪ್ಪಣಿಯ ಚರ್ಚೆಯಲ್ಲಿ ತಾವಾಗಿಯೇ ಹಿಂದಕ್ಕೆ ತೆಗೆದುಕೊಂಡರು.

ಚರ್ಚೆ ಪುಟದಲ್ಲೂ ಒಂದು ಬಣ್ಣದ ಅಭ್ಯಾಸವಿತ್ತು: ಒಬ್ಬೊಬ್ಬ ಸಂಪಾದಕರಿಗೆ ಒಂದೊಂದು ಬಣ್ಣ, ಹೆಸರು ಬರೆಯದೆ ನೀಲಿಯಲ್ಲೋ ಹಸಿರಿನಲ್ಲೋ ಮಾತು. ಶಿಕ್ಷಕಿಗೆ ಅದು ಒಬ್ಬರೇ ತಮ್ಮೊಡನೆ ವಾದ ಮಾಡುತ್ತಿರುವಂತೆ ಕೇಳಿಸುತ್ತಿತ್ತಂತೆ. ಈಗ ಎಲ್ಲರೂ ಮಾತಿನ ಕೊನೆಗೆ ನಾಲ್ಕು ಅಲೆಗೆರೆ (~~~~) ಹಾಕಿ ಸಹಿ ಮಾಡುತ್ತೇವೆ, ವಿಕಿ ಹೆಸರನ್ನೂ ಹೊತ್ತನ್ನೂ ತಾನೇ ಬರೆದುಕೊಳ್ಳುತ್ತದೆ.

ಉಳಿದಿರುವುದು ಚಿತ್ರಗಳು. ಎಷ್ಟೋ ಫೋಟೊಗಳಲ್ಲಿ ಗುರುತಿಸಬೇಕಾದ ಎಲೆಯ ಸುತ್ತ ಕೆಂಪು ಬಳೆ ಬರೆದು, ಕೆಳಗೆ "ಬಳೆಯೊಳಗಿನ ಎಲೆಯನ್ನು ನೋಡಿ" ಎಂದಷ್ಟೇ ಬರೆದಿದ್ದೇವೆ. ಕಣಗಿಲೆಯಿಂದ ಶುರು ಮಾಡಿದ್ದೇವೆ. ಶಿಕ್ಷಕಿ ತಮ್ಮ ಹಿತ್ತಲಿನ ಗಿಡವನ್ನು ಮುಟ್ಟಿ ನೋಡಿ ಅದರ ವಿವರಣೆಯನ್ನು ಬರೆದು ಕಳಿಸಿದರು: "ವಿಷದ ಗಿಡ. ಎಲೆ ಉದ್ದ, ಕಿರಿದು, ತೊಗಲಿನಂತೆ ಗಡುಸು. ನಡುವೆ ಒಂದು ದಪ್ಪ ನರ. ಒಂದು ಗೆಣ್ಣಿಗೆ ಮೂರು ಮೂರು ಎಲೆಗಳು. ಮುಟ್ಟಿದರೆ ಕೈ ತೊಳೆಯಲೇಬೇಕು."